‘ಸತ್ತ ಚಿಪ್ಪು’ ಎಂದು ಬರೆದಿದ್ದರೆ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಬೆಂಗಳೂರಿನಲ್ಲಿ, ಕಾನೂನುಗಳ ಕರಡು ತಯಾರಿಸುವ ವಿಭಾಗದಲ್ಲಿ ಉಪ ಕಾರ್ಯದರ್ಶಿಯಾಗಿದ್ದೆ. ಬಹಳ ಹಿಂದಿನ ಕಥೆಯೇನೂ ಅಲ್ಲ. ಜನರು ಮೊಬೈಲಿನಲ್ಲಿ ಫೋಟೊ ತೆಗೆದು ಅರ್ಜಿಯ ಜೊತೆ ಕಳಿಸಲು ಶುರು ಮಾಡಿದ್ದ ಕಾಲವೇ. ನಮ್ಮ ಕೆಲಸ ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಒಂದು ಕಾನೂನು ಬೇಕೆಂದು ತೀರ್ಮಾನವಾದ ಮೇಲೆ ಅದನ್ನು ವಾಕ್ಯಗಳಲ್ಲಿ ಕೂರಿಸುವವರು ನಾವು. ಮೊದಲು ಇಂಗ್ಲಿಷ್ ಡ್ರಾಫ್ಟ್, ಆಮೇಲೆ ಅದರ ಕನ್ನಡ, ಕೊನೆಗೆ ಎರಡನ್ನೂ ಅಕ್ಕಪಕ್ಕ ಇಟ್ಟು ತಾಳೆ ನೋಡುವುದು. ಇದಕ್ಕೆ ವೆಟ್ಟಿಂಗ್ ಎನ್ನುತ್ತೇವೆ. ಸದನದ ಮುಂದೆ ಹೋಗುವುದು ಕನ್ನಡದ ಪ್ರತಿ. ತಾಳೆ ನೋಡಿದವರು ಪ್ರತಿ ಪುಟದ ಕೆಳಗೆ ತಮ್ಮ ಇನಿಶಿಯಲ್ ಹಾಕಬೇಕು. ಅಷ್ಟು ವರ್ಷಗಳಲ್ಲಿ ನನ್ನ ಇನಿಶಿಯಲ್ ಎಷ್ಟು ಪುಟಗಳ ಕೆಳಗೆ ಬಿದ್ದಿತೋ ನಾನು ಎಣಿಸಿದವಳಲ್ಲ. ಒಂದು ಪುಟ ಮಾತ್ರ ಇವತ್ತಿಗೂ ಕಣ್ಣಿನ ಮುಂದೆ ಉಂಟು.

ನಾನು ಹುಟ್ಟಿದ್ದು ಕಾರ್ಕಳದಲ್ಲಿ, ಕಲಿತದ್ದು ಉಡುಪಿಯ ಕಾನ್ವೆಂಟಿನಲ್ಲಿ. ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಸಿಸ್ಟರ್ ಒಂದು ಅಭ್ಯಾಸ ಹಿಡಿಸಿದ್ದರು. ಓದುವ ಸಾಲಿನ ಕೆಳಗೆ ಮರದ ಸ್ಕೇಲ್ ಇಡಬೇಕು. ಆ ಸಾಲು ಮುಗಿಯದೆ ಕೆಳಗಿನ ಸಾಲು ಕಾಣಬಾರದು. “ಯುವರ್ ಐ ಈಸ್ ಎ ಥೀಫ್, ಚೈಲ್ಡ್. ಅದು ನಾಲ್ಕು ಶಬ್ದ ಓದಿ ಹತ್ತು ಓದಿದೆ ಅನ್ನುತ್ತದೆ” ಎನ್ನುತ್ತಿದ್ದರು. ಆ ಸ್ಕೇಲ್ ನನ್ನ ಜೊತೆ ಬೆಂಗಳೂರಿಗೂ ಬಂತು, ಆಫೀಸಿನ ಮೇಜಿನ ಮೇಲೂ ಕೂತಿತು. ಜೂನಿಯರ್‌ಗಳು ನನ್ನ ಬೆನ್ನ ಹಿಂದೆ ‘ಸ್ಕೇಲ್ ಮೇಡಂ’ ಎಂದು ಕರೆಯುತ್ತಿದ್ದರು. ನನಗೆ ಗೊತ್ತಿತ್ತು, ಸ್ವಲ್ಪ ಹೆಮ್ಮೆಯೂ ಇತ್ತು.

ಆ ವರ್ಷ ನಮ್ಮ ಕೈಗೆ ಬಂದ ವಿಧೇಯಕ ನದಿಯ ತಳದಿಂದ ಚಿಪ್ಪು ತೆಗೆಯುವುದರ ಬಗ್ಗೆ. ಹೊಳೆ ಸಮುದ್ರ ಸೇರುವ ಅಳಿವೆಗಳ ಅಡಿಯಲ್ಲಿ ಎಷ್ಟೋ ಕಾಲದಿಂದ ಬಿದ್ದ ಖಾಲಿ ಚಿಪ್ಪಿನ ದಪ್ಪ ಪದರ ಇರುತ್ತದೆ. ಸುಣ್ಣಕ್ಕೆ, ಕೋಳಿ ಆಹಾರಕ್ಕೆ ಅದು ಬೇಕು. ಮೊದಲು ಕೈಯಲ್ಲಿ ತೆಗೆಯುತ್ತಿದ್ದರು, ಆಮೇಲೆ ಡ್ರೆಜ್ಜರ್ ಬಂತು, ಅಂದರೆ ಹೊಳೆಯ ಅಡಿಯನ್ನೇ ಹೀರಿ ಮೇಲೆ ಹಾಕುವ ಯಂತ್ರ. ಹಾಗೆ ಅಡಿ ಹೋದಲ್ಲಿ ದಡ ಕುಸಿಯುತ್ತದೆ, ಉಪ್ಪುನೀರು ಒಳಗೆ ಬರುತ್ತದೆ. ಪರವಾನಗಿ ಇಲ್ಲದೆ ಯಾರೂ ಚಿಪ್ಪು ತೆಗೆಯಬಾರದು, ತೆಗೆದರೆ ಬಳಸಿದ ದೋಣಿ, ಯಂತ್ರ ಜಪ್ತಿ ಎನ್ನುವುದು ವಿಧೇಯಕದ ಸಾರ. ಒಳ್ಳೆಯ ಕಾನೂನು. ಇವತ್ತು ಕೇಳಿದರೂ ಹಾಗೆಯೇ ಹೇಳುತ್ತೇನೆ.

ಸದನ ಅದನ್ನು ಪರಿಶೀಲನಾ ಸಮಿತಿಗೆ ಒಪ್ಪಿಸಿತು. ಶಾಸಕರ ಸಣ್ಣ ಗುಂಪೊಂದು ಕೂತು ಒಂದೊಂದು ಖಂಡವನ್ನೂ ಬಿಡಿಸಿ ನೋಡಿ, ಜನರ ಮಾತು ಕೇಳಿ, ತಿದ್ದುಪಡಿ ಸೂಚಿಸುವ ವ್ಯವಸ್ಥೆ ಇದು. ಸಮಿತಿಯ ಒಂದು ಸಭೆ ಮಣಿಪಾಲದಲ್ಲಿ ಆಯಿತು. ಕರಡು ಬರೆದವಳಾಗಿ ನಾನೂ ಹೋದೆ. ನನ್ನ ಊರಿನ ಕಡೆ ಡ್ಯೂಟಿ ಬಿದ್ದದ್ದು ಅದೇ ಮೊದಲು. ಹೊಸ ಸೀರೆ ಉಟ್ಟಿದ್ದೆ.

ಅಲ್ಲಿ ಮಾತನಾಡಿದವರಲ್ಲಿ ಒಬ್ಬರು ಉಡುಪಿ ಹತ್ತಿರದ ಹೂಡೆಯ ಬೇಬಿಯಕ್ಕ. ಐವತ್ತರ ಆಸುಪಾಸು, ಬಿಸಿಲಿಗೆ ಕಪ್ಪಾದ ಮೊಣಕೈ. ಹೊಳೆಯಲ್ಲಿ ಇಳಿತದ ಹೊತ್ತಿಗೆ ಎದೆಮಟ್ಟದ ನೀರಿಗಿಳಿದು, ಸಣ್ಣ ದೋಣಿಯ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು, ಕಾಲಿನ ಬೆರಳಿನಿಂದಲೇ ತಡವಿ ಮರುವಾಯಿ ಹೆಕ್ಕುವುದು ಅವರ ಕಸುಬು. ಚಿಪ್ಪಿನೊಳಗೆ ಜೀವ ಇರುವ ಆ ಮೀನಿಗೆ ತುಳುವಿನಲ್ಲಿ ಮರುವಾಯಿ, ನಮ್ಮ ಕೊಂಕಣಿಯಲ್ಲಿ ಖುಬೆ, ಕುಂದಾಪುರದ ಕಡೆ ಬಳಚು ಎನ್ನುತ್ತಾರೆ. ಇಷ್ಟೆಲ್ಲ ಹೆಸರು ನನಗೆ ಬಾಯಿಪಾಠ ಇತ್ತು ಎನ್ನುವುದನ್ನು ಓದುಗರು ನೆನಪಿನಲ್ಲಿಡಬೇಕು.

ಬೇಬಿಯಕ್ಕ ಮೈಕನ್ನು ಒಂದು ಮೊಳ ದೂರ ಹಿಡಿದುಕೊಂಡರು. “ಆ ಮಿಷನ್ ಬಂದ ಮೇಲೆ ಹೊಳೆಗೆ ಅಡಿಯೇ ಇಲ್ಲ. ಕಾಲಿಟ್ಟಲ್ಲಿ ಹೊಂಡ. ಮರುವಾಯಿ ಕೂರುವುದು ಎಲ್ಲಿ? ನೀವು ಈ ಕಾನೂನು ಬೇಗ ಮಾಡಬೇಕು” ಎಂದರು. ಆ ಮಾತಿನ ಹಿಂದೆ ಎಪ್ಪತ್ತು ಎಂಬತ್ತು ಹೆಂಗಸರ ಹೆಬ್ಬೆಟ್ಟು, ಸಹಿ ಇದ್ದ ಅರ್ಜಿ ಇತ್ತು. ಅರ್ಜಿಯೊಂದಿಗೆ ಕುಸಿದ ದಡದ ಫೋಟೊಗಳು.

ಸದಸ್ಯರೊಬ್ಬರು ತಮಾಷೆಗೆ, “ಮರುವಾಯಿ ತಂದಿದ್ದೀರಾ ಅಕ್ಕ? ಊಟದ ಹೊತ್ತು ಹತ್ತಿರ ಬಂತು” ಎಂದರು.

“ತಂದರೆ ನೀವು ಕಾನೂನು ಬಿಟ್ಟು ಅದನ್ನೇ ಪರಿಶೀಲನೆ ಮಾಡ್ತೀರಿ” ಎಂದರು ಬೇಬಿಯಕ್ಕ. ಸಭೆಯೆಲ್ಲ ನಕ್ಕಿತು.

ಸಭೆ ಮುಗಿದು ಕಾರಿಡಾರಿಗೆ ಬಂದಾಗ ಅವರು ನನಗಾಗಿ ಕಾದಿದ್ದರು. ಕೊರಳಿನ ಶಿಲುಬೆ ನೋಡಿರಬೇಕು, ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವಂತೆ “ಬಾಯಮ್ಮ” ಎಂದು ಕರೆದರು. ಆಮೇಲಿನ ಮಾತೆಲ್ಲ ತುಳುವಿನಲ್ಲೇ ನಡೆಯಿತು.

“ಬಾಯಮ್ಮ, ಒಂದು ಸಂಶಯ. ಚಿಪ್ಪು ತೆಗೀಬಾರದು ಅಂತ ಉಂಟಲ್ಲ, ಅದರಲ್ಲಿ ಮರುವಾಯಿ ಸೇರ್ತದಾ?”

ನಾನು ಫೈಲು ಬಿಡಿಸಿ ನೋಡಿದೆ. ಅವರು ಕೇಳಿದ್ದು ಸರಿಯೇ ಇತ್ತು. ನಮ್ಮ ಡ್ರಾಫ್ಟಿನಲ್ಲಿ ಚಿಪ್ಪು ಎಂದರೆ ಯಾವುದೇ ಚಿಪ್ಪು ಎಂದಿತ್ತು. ನಾಲ್ಕು ತಿಂಗಳು ನಾವೆಲ್ಲ ಓದಿದ್ದ ಸಾಲು, ಯಾರಿಗೂ ಹೊಳೆದಿರಲಿಲ್ಲ.

“ಈಗ ಸೇರುವ ಹಾಗೆ ಉಂಟು. ನಾನು ತಿದ್ದುತ್ತೇನೆ. ಡೆಡ್ ಶೆಲ್, ಸತ್ತ ಚಿಪ್ಪು ಅಂತ ಮಾಡ್ತೇನೆ. ಜೀವ ಇದ್ದದ್ದನ್ನು ಈ ಕಾನೂನು ಮುಟ್ಟುವುದಿಲ್ಲ.”

“ಬಾಯಿಮಾತಿನಲ್ಲಾ, ಬರಹದಲ್ಲಾ?”

“ಬರಹದಲ್ಲಿ. ಬರೆದದ್ದು ಇರ್ತದೆ.”

“ಹಾಗಾದರೆ ಆಯಿತು” ಎಂದು ಅವರು ಬಸ್ಸಿಗೆ ಹೊರಟರು. ಅರ್ಜಿಯಲ್ಲಿ ಅವರ ಫೋನ್ ನಂಬರ್ ಇತ್ತು. ಅದನ್ನೂ ಓದುಗರು ನೆನಪಿನಲ್ಲಿಡಬೇಕು.

ನಾನು ಮಾತು ತಪ್ಪಲಿಲ್ಲ. ಅಥವಾ ಅರ್ಧ ತಪ್ಪಲಿಲ್ಲ. ಸಮಿತಿಯ ಅಧ್ಯಕ್ಷರಿಗೆ ಹೇಳಿದೆ, ಅವರು ಕೂಡಲೇ ಒಪ್ಪಿದರು. ಇಂಗ್ಲಿಷ್ ಪ್ರತಿಯಲ್ಲಿ ‘ಎನಿ ಶೆಲ್’ ಇದ್ದದ್ದು ‘ಎನಿ ಡೆಡ್ ಶೆಲ್’ ಆಯಿತು. ಸ್ಕೇಲ್ ಇಟ್ಟು ಮೂರು ಸಲ ಓದಿದೆ. ಆಮೇಲೆ ಅದು ಕನ್ನಡಕ್ಕೆ ಹೋಯಿತು.

ನಮ್ಮಲ್ಲಿ ಕನ್ನಡ ನೋಡುತ್ತಿದ್ದವರು ಶ್ರೀಪಾದರಾಯರು. ಮೈಸೂರಿನವರು, ಸಜ್ಜನರು, ಭಾಷೆಯ ಮೇಲೆ ಪ್ರೀತಿ ಇದ್ದವರು. ಅಧಿವೇಶನ ಮುಗಿಯಲು ಇನ್ನೆರಡು ದಿನ ಇತ್ತು. ಮಧ್ಯಾಹ್ನದ ಊಟ ಮುಗಿಸಿ, ಮುದ್ರಣಕ್ಕೆ ಕಳಿಸಬೇಕಾದ ಪುಟಗಳನ್ನು ಹಿಡಿದುಕೊಂಡು ನನ್ನ ಕೋಣೆಗೆ ಬಂದರು. ಅವರು ನಗುತ್ತಾ ಬಂದದ್ದು ನೆನಪಿದೆ.

“ಮೇಡಂ, ಇಲ್ನೋಡಿ. ‘ಸತ್ತ ಚಿಪ್ಪು’ ಅಂತೆ. ಸದನದಲ್ಲಿ ಓದಿದ್ರೆ ಬಿದ್ದು ಬಿದ್ದು ನಗ್ತಾರೆ. ಚಿಪ್ಪು ಬದುಕಿದ್ದು ಯಾವಾಗ, ಸಾಯೋಕೆ?”

ನಾನೂ ನಕ್ಕೆ. ನಿಜವಾಗಿಯೂ ನಗು ಬಂತು. ಸೂತಕ ಎಷ್ಟು ದಿನ ಎಂದು ಕೇಳಿದೆ. ಅವರು ಇನ್ನೂ ಜೋರಾಗಿ ನಕ್ಕರು.

“‘ನಿರ್ಜೀವ’ ಹಾಕಬಹುದಾ?” ಎಂದೆ.

“ಎಲ್ಲಾ ಚಿಪ್ಪೂ ನಿರ್ಜೀವವೇ ಅಲ್ವಾ ಮೇಡಂ. ನಿರ್ಜೀವ ಕಲ್ಲು ಅಂದಂಗಾಯ್ತು. ನೀವೇ ಹೇಳ್ತೀರಲ್ಲ, ಕೆಲಸ ಮಾಡದ ಶಬ್ದ ಕಾನೂನಲ್ಲಿ ಕೂತಿರಬಾರದು ಅಂತ.”

ಅದು ನನ್ನದೇ ಪಾಠ. ಡ್ರಾಫ್ಟಿಂಗಿನಲ್ಲಿ ಪ್ರತಿ ಶಬ್ದಕ್ಕೂ ಒಂದು ಕೆಲಸ ಇರಬೇಕು. ಇಲ್ಲದಿದ್ದರೆ ಅದನ್ನು ತೆಗೆಯಬೇಕು. ಶಬ್ದವೊಂದು ಸುಮ್ಮನೆ ಕೂತಿದ್ದರೆ ಮುಂದೆ ಯಾರೋ ವಕೀಲರು ಅದಕ್ಕೆ ಇಲ್ಲದ ಕೆಲಸ ಕೊಡುತ್ತಾರೆ. ಆ ಶಬ್ದ ಬಿಟ್ಟು ರಾಯರು ಬರೆದು ತೋರಿಸಿದ ಕನ್ನಡ ಸಾಲು ಹೀಗಿತ್ತು: “‘ಚಿಪ್ಪು’ ಎಂದರೆ ನದಿಯ ಅಥವಾ ಅಳಿವೆಯ ತಳದಲ್ಲಿರುವ ಯಾವುದೇ ಚಿಪ್ಪು.” ಓದಲು ಚೆಂದವಾಗಿತ್ತು. ನಾನು ಪೆನ್ಸಿಲಿನಲ್ಲಿ ಆ ಸಾಲಿನ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಏನೋ ಒಂದು ಎಳೆ ಮನಸ್ಸಿನಲ್ಲಿ ಇದ್ದಿರಬೇಕು. ಮುದ್ರಣಾಲಯದವರ ಫೋನ್ ಬಂತು. ಹೇಗೂ ಇಂಗ್ಲಿಷಿನಲ್ಲಿ ಡೆಡ್ ಇದೆಯಲ್ಲ ಎಂದುಕೊಂಡೆ. ರಬ್ಬರ್ ತೆಗೆದು ಚಿಹ್ನೆಯನ್ನು ಉಜ್ಜಿದೆ, ಇನಿಶಿಯಲ್ ಹಾಕಿದೆ.

ಸ್ಕೇಲ್ ಮೇಜಿನ ಮೇಲೆಯೇ ಇತ್ತು. ಕನ್ನಡಕ್ಕೆ ಅದನ್ನು ಇಡುವ ಅಭ್ಯಾಸ ನನಗೆ ಯಾವತ್ತೂ ಇರಲಿಲ್ಲ. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಸತ್ಯ ಅದು. ಕಾನ್ವೆಂಟಿನಲ್ಲಿ ಕಲಿತ ನಮಗೆ ಇಂಗ್ಲಿಷ್ ಅಂದರೆ ಪರೀಕ್ಷೆ, ಕನ್ನಡ ಅಂದರೆ ಮಾತು. ಮಾತನ್ನು ಯಾರು ಸ್ಕೇಲ್ ಇಟ್ಟು ನೋಡುತ್ತಾರೆ? ಕಾನೂನು ಇಂಗ್ಲಿಷಿನದ್ದು, ಕನ್ನಡ ಅದರ ನೆರಳು ಎಂದು ನನ್ನೊಳಗೆ ಎಲ್ಲೋ ಕೂತಿತ್ತು.

ಮರುದಿನ ಬೆಳಿಗ್ಗೆ ಪ್ರತಿಗಳು ಸದಸ್ಯರ ಮೇಜಿನ ಮೇಲೆ ಬಂದವು. ಸಂಜೆಯೊಳಗೆ ವಿಧೇಯಕ ಅಂಗೀಕಾರವಾಯಿತು. ಸಮಿತಿಯಲ್ಲಿದ್ದವರೇ ಕೆಲವರು ಅದನ್ನು ಹೊಗಳಿ ಮಾತನಾಡಿದರು. ಚಿಪ್ಪು ಎಂದರೇನು ಎಂದು ಹೇಳುವ ಎರಡನೆಯ ಖಂಡಕ್ಕೆ ಒಪ್ಪಿಗೆಯೇ ಎಂದು ಕೇಳಿದಾಗ ಎಲ್ಲರೂ ಹೌದೆಂದರು. ಮಣಿಪಾಲದಲ್ಲಿ ಒಬ್ಬ ಹೆಂಗಸು ಹಿಡಿದ ತಪ್ಪು ಕನ್ನಡದಲ್ಲಿ ಹಾಗೇ ವಾಪಸು ಬಂದಿದೆ ಎಂದು ಯಾರಿಗೂ ಕಾಣಲಿಲ್ಲ. ಅವರನ್ನು ದೂರಲು ನನಗೆ ಬಾಯಿಲ್ಲ. ಕಾಣಬೇಕಾದವಳು ಅವರಿಗಿಂತ ಮೊದಲು ನಾನು.

ನನಗೆ ಅದು ತಿಳಿದದ್ದು ಏಳೆಂಟು ತಿಂಗಳ ನಂತರ, ಅದೂ ಊಟದ ಮೇಜಿನಲ್ಲಿ. ರಜೆ ಹಾಕಿ ಕಾಪುವಿನಲ್ಲಿರುವ ನನ್ನ ಕಸಿನ್ ಲಿಲ್ಲಿಯ ಮನೆಗೆ ಹೋಗಿದ್ದೆ. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದರೆ ಅವಳ ಮನೆಯಲ್ಲಿ ಖುಬೆ ಸುಕ್ಕ ಖಂಡಿತ. ಆ ದಿನ ಕೋಳಿ ಇತ್ತು.

“ಖುಬೆ ಎಲ್ಲಿ ಲಿಲ್ಲಿ? ನಾನು ಅದಕ್ಕೆಂದೇ ಬಂದದ್ದು.”

“ನಿನ್ನನ್ನೇ ಕೇಳಬೇಕು ಮಾರಾಯ್ತಿ. ನಿಮ್ಮ ಕಾನೂನಂತೆ. ಹೂಡೆಯಲ್ಲಿ ಹೆಂಗಸರನ್ನು ಹಿಡಿದರಂತೆ, ದೋಣಿಯನ್ನೂ ತಗೊಂಡು ಹೋದರಂತೆ. ಕಟಪಾಡಿಯ ಸಂತೆಗೂ ಬರುವುದಿಲ್ಲ ಈಗ.”

“ಹಾಗಿಲ್ಲ ಲಿಲ್ಲಿ, ಕಾನೂನಿನಲ್ಲಿ ಡೆಡ್ ಶೆಲ್ ಅಂತ ಉಂಟು. ನಾನೇ ಬರೆದದ್ದು.”

“ಹಾಗಾದರೆ ನೀನೇ ಹೋಗಿ ಹೇಳು. ಅವರಿಗೆ ಇಂಗ್ಲಿಷ್ ಬರುವುದಿಲ್ಲವೋ ಏನೋ” ಎಂದಳು ಲಿಲ್ಲಿ, ಅನ್ನ ಬಡಿಸುತ್ತಾ.

ಅವಳು ಕುಟುಕಲು ಹೇಳಿದ್ದಲ್ಲ. ಆದರೆ ಆ ರಾತ್ರಿಯ ಬಸ್ಸಿಗೇ ನಾನು ಹೊರಟೆ. ಬೆಂಗಳೂರಿಗೆ ವಾಪಸಾದ ಬೆಳಿಗ್ಗೆಯೇ ಕಪಾಟಿನಿಂದ ಅಚ್ಚಾದ ಕನ್ನಡ ಪ್ರತಿ ತೆಗೆದು, ಆ ಸಾಲಿನ ಕೆಳಗೆ ಸ್ಕೇಲ್ ಇಟ್ಟೆ. ಆ ಕಾನೂನಿನ ಕನ್ನಡಕ್ಕೆ ನಾನು ಸ್ಕೇಲ್ ಇಟ್ಟದ್ದು ಅದೇ ಮೊದಲು. ಯಾವುದೇ ಚಿಪ್ಪು. ಪುಟದ ಕೆಳಗೆ ನನ್ನ ಇನಿಶಿಯಲ್ ಇದ್ದ ಹಸ್ತಪ್ರತಿಯನ್ನೂ ತರಿಸಿ ನೋಡಿದೆ. ಪ್ರಶ್ನಾರ್ಥಕ ಚಿಹ್ನೆ ಇದ್ದ ಜಾಗದಲ್ಲಿ ಕಾಗದ ಸ್ವಲ್ಪ ಒರಟಾಗಿತ್ತು.

ಅಚ್ಚಿನ ತಪ್ಪಾದರೆ ತಿದ್ದೋಲೆ ಹೊರಡಿಸಬಹುದು. ಇದು ಅಚ್ಚಿನ ತಪ್ಪಲ್ಲ. ಸದನ ಒಪ್ಪಿದ್ದು ಕನ್ನಡದ ಪ್ರತಿಯನ್ನು, ಅದರಲ್ಲಿ ಇದ್ದದ್ದೇ ಹಾಗೆ. ಒಂದು ಶಬ್ದ ಸೇರಿಸಲು ಪುನಃ ಒಂದು ವಿಧೇಯಕ ಬೇಕು, ಪುನಃ ಅಧಿವೇಶನ ಬೇಕು. ತಪ್ಪು ನನ್ನದೆಂದು ಬರೆದು ಟಿಪ್ಪಣಿ ಕೊಟ್ಟೆ. ಅದುವರೆಗೆ ಒಂದು ಸುತ್ತೋಲೆ ಹೋಗಲಿ ಎಂದರು ಮೇಲಿನವರು. ಜೀವಂತ ಮರುವಾಯಿಗೆ ಕಾನೂನು ಅನ್ವಯಿಸದು ಎಂದು ನಾನೇ ಸುತ್ತೋಲೆ ಬರೆದೆ. ಹೊಳೆಯ ದಡದಲ್ಲಿ ಕಾನೂನು ನೋಡಿಕೊಳ್ಳುತ್ತಿದ್ದ ಅಧಿಕಾರಿಗೆ ಫೋನೂ ಮಾಡಿದೆ.

ಆತ ವಿನಯದಿಂದಲೇ ಕೇಳಿದ. “ಮೇಡಂ, ಕಾನೂನು ದೊಡ್ಡದಾ, ಸುತ್ತೋಲೆ ದೊಡ್ಡದಾ? ನನ್ನ ಕೈಯಲ್ಲಿರುವ ಪುಸ್ತಕದಲ್ಲಿ ಯಾವುದೇ ಚಿಪ್ಪು ಅಂತ ಉಂಟು. ನಾಳೆ ನನ್ನನ್ನು ಕೇಳಿದರೆ ಎಂತ ಹೇಳಲಿ?”

ಅವನ ಜಾಗದಲ್ಲಿ ನಾನಿದ್ದಿದ್ದರೆ ಅದನ್ನೇ ಕೇಳುತ್ತಿದ್ದೆ.

ಜಪ್ತಿಯಾದ ದೋಣಿಗಳಲ್ಲಿ ಬೇಬಿಯಕ್ಕನದ್ದೂ ಒಂದು. ಅವರ ಮಾವ ಕಟ್ಟಿಸಿದ ಮರದ ದೋಣಿ. ಕೇಸು ಮುಗಿಯುವವರೆಗೆ ಅದು ಕಚೇರಿಯೊಂದರ ಹಿತ್ತಲಿನಲ್ಲಿ ಇರಬೇಕಾಯಿತು. ವಿಚಾರಣೆಯಲ್ಲಿ ಚಿಪ್ಪು ತೆಗೆದದ್ದು ಹೌದೇ ಎಂದು ಕೇಳಿದಾಗ ಅವರು ಹೌದು ಎಂದರಂತೆ. ಡ್ರೆಜ್ಜರಿನವರು ವಕೀಲರನ್ನು ಇಟ್ಟಿದ್ದರು. ಅವರು ಯಾವುದಕ್ಕೂ ಹೌದೆನ್ನಲಿಲ್ಲ.

ನಾನು ಅಷ್ಟರಲ್ಲಿ ನಿವೃತ್ತಳಾದೆ. ಬೀಳ್ಕೊಡುಗೆಯಲ್ಲಿ ಜೂನಿಯರ್‌ಗಳು ನನಗೆ ಬೆಳ್ಳಿಯ ಸ್ಕೇಲ್ ಕೊಟ್ಟರು. ಮಾತನಾಡಿದವರೆಲ್ಲ ನನ್ನ ಎಚ್ಚರಿಕೆಯನ್ನು ಹೊಗಳಿದರು. ಶ್ರೀಪಾದರಾಯರು ಮಾತ್ರ ಮಾತನಾಡಲಿಲ್ಲ. ಹೊರಗೆ ಬಂದಾಗ, “ಮೇಡಂ, ಆ ಜೋಕ್ ನಾನು ಮಾಡಬಾರದಿತ್ತು” ಎಂದರು.

“ಜೋಕ್ ನಿಮ್ಮದು ರಾಯರೇ, ಇನಿಶಿಯಲ್ ನನ್ನದು” ಎಂದೆ. ಇಬ್ಬರಿಗೂ ಅದರಿಂದ ಸಮಾಧಾನವಾಗಲಿಲ್ಲ.

ತಿದ್ದುಪಡಿ ಬರುವಷ್ಟರಲ್ಲಿ ಎರಡು ಮಳೆಗಾಲ ಕಳೆದಿತ್ತು. ನಾನು ಮಣಿಪಾಲದಲ್ಲಿ ಸಣ್ಣ ಫ್ಲ್ಯಾಟ್ ಹಿಡಿದಿದ್ದೆ. ಸದನದ ಕಲಾಪವನ್ನು ಮೊಬೈಲಿನಲ್ಲಿ ನೋಡಿದೆ. ‘ಚಿಪ್ಪು’ ಎಂಬ ಶಬ್ದದ ಮೊದಲು ‘ಸತ್ತ’ ಎಂಬ ಶಬ್ದವನ್ನು ಸೇರಿಸತಕ್ಕದ್ದು ಎಂದು ಓದಿದರು. ಯಾರೂ ನಗಲಿಲ್ಲ.

ಕೇಸುಗಳು ಬಿದ್ದುಹೋದವು, ದೋಣಿಗಳು ವಾಪಸಾದವು ಎಂದು ಕೇಳಿದೆ. ಆದರೂ ಹೂಡೆಗೆ ಹೋಗಲು ನನಗೆ ಮತ್ತೆ ಕೆಲವು ತಿಂಗಳು ಬೇಕಾದವು. ಮಣಿಪಾಲದಿಂದ ಉಡುಪಿ, ಅಲ್ಲಿಂದ ಇನ್ನೊಂದು ಬಸ್ಸು. ಅಷ್ಟೇ ದೂರ.

ಬೇಬಿಯಕ್ಕ ಮನೆಯ ಹಿಂದೆ, ಹೊಳೆಯ ಬದಿಯಲ್ಲಿ ಮಣೆಯ ಮೇಲೆ ಕೂತಿದ್ದರು. ಮುಂದೆ ಒಂದು ರಾಶಿ ಮರುವಾಯಿ. ಬದಿಯಲ್ಲಿ ಎರಡು ಕಲ್ಲಿನ ಮೇಲೆ ದೋಣಿಯನ್ನು ಕವುಚಿ ಇಟ್ಟಿದ್ದರು. ಅದರ ಅಡಿಯಲ್ಲಿ ಕೋಳಿಗಳು ಓಡಾಡುತ್ತಿದ್ದವು. ಎರಡು ಬೇಸಗೆ ಬಿಸಿಲಿನಲ್ಲಿ ನೀರು ಕಾಣದೆ ಬಿದ್ದ ಮರ ಉದ್ದಕ್ಕೂ ಬಿರಿದಿತ್ತು. ಬಿರುಕಿನಲ್ಲಿ ನನ್ನ ಕೈ ಹೋಗುತ್ತಿತ್ತು.

ನನ್ನನ್ನು ಅವರಿಗೆ ಗುರುತು ಸಿಗಲಿಲ್ಲ. ಮಣಿಪಾಲದ ಸಭೆಯ ವಿಷಯ ಹೇಳಿದಾಗ ಕೈ ನಿಲ್ಲಿಸಿದರು.

“ಬರೆದದ್ದು ಇರ್ತದೆ ಅಂದ ಬಾಯಮ್ಮನಾ?”

“ಹೌದು.”

ಎಲ್ಲವನ್ನೂ ಹೇಳಿದೆ. ರಾಯರ ಜೋಕ್, ನನ್ನ ನಗು, ಪೆನ್ಸಿಲ್, ರಬ್ಬರ್. ನಾನು ಇನಿಶಿಯಲ್ ಹಾಕುವ ಮೊದಲೇ ಸಮಿತಿಯ ವರದಿ ಬಹಿರಂಗವಾಗಿತ್ತು. ಆ ಕನ್ನಡ ಪುಟದ ಒಂದು ಫೋಟೊವನ್ನು ಅವರಿಗೆ ಕಳಿಸಿ ಸರಿಯೇ ಎಂದು ಕೇಳಲು ಯಾವ ನಿಯಮವೂ ಅಡ್ಡ ಇರಲಿಲ್ಲ, ಅವರ ನಂಬರ್ ಫೈಲಿನಲ್ಲೇ ಇತ್ತು, ನನಗೆ ಹೊಳೆಯಲಿಲ್ಲ ಎಂದೂ ಹೇಳಿದೆ. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಚಿಪ್ಪು ಸಾಯುವುದು ಹೇಗೆ ಎನ್ನುವಲ್ಲಿ ಅವರಿಗೂ ನಗು ಬಂತು.

“ಅವರಿಗೆ ಗೊತ್ತಿರಲಿಕ್ಕಿಲ್ಲ ಪಾಪ, ಮೈಸೂರಿನವರು. ನಿಮಗೆ ಗೊತ್ತಿತ್ತಲ್ಲ, ಬಾಯಮ್ಮ?”

“ಗೊತ್ತಿತ್ತು.”

“ಹ್ಞೂಂ” ಎಂದರು. ಅಷ್ಟೇ. ಆಮೇಲೆ ಮಾತು ಬೇರೆ ಕಡೆ ಹೋಯಿತು. ಈಗ ಹೊಳೆಗೆ ಇಳಿಯುವುದಿಲ್ಲವಂತೆ. ದೋಣಿ ಇಲ್ಲ, ಎರಡು ವರ್ಷ ಬಿಟ್ಟ ಮೇಲೆ ಮರುವಾಯಿ ಎಲ್ಲಿ ಕೂರುತ್ತದೆ ಎಂದು ಕಾಲಿಗೂ ಮರೆತಿದೆ ಎಂದರು. ಬೇರೆಯವರು ತಂದದ್ದನ್ನು ಹೆಕ್ಕಿ ಕೊಡುವ ಕೆಲಸ ಈಗ.

ಅವರು ಎರಡು ಮರುವಾಯಿಯನ್ನು ಒಂದಕ್ಕೊಂದು ತಟ್ಟಿ ತೋರಿಸಿದರು. ಜೀವ ಇದ್ದದ್ದು ಕಲ್ಲಿನ ಹಾಗೆ ಗಟ್ಟಿ ಸದ್ದು ಮಾಡುತ್ತದೆ. ಸತ್ತದ್ದರ ಒಳಗೆ ಕೆಸರು ತುಂಬಿರುತ್ತದೆ, ಬಾಯಿ ಮುಚ್ಚಿಯೇ ಇರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಸದ್ದು ಮಾತ್ರ ಮಂಕು. ಅಂಥದ್ದು ಒಂದು ಸೇರಿದರೂ ಇಡೀ ಪಾತ್ರೆಯ ಸಾರು ಕೆಸರಾಗುತ್ತದೆ. ಹಾಗಾಗಿ ಎಷ್ಟೇ ಇರಲಿ, ಒಂದೊಂದನ್ನೂ ತಟ್ಟಬೇಕು. ನಾನು ಮೂವತ್ತು ವರ್ಷ ಬೇರೆಯವರಿಗೆ ಕಲಿಸಿದ್ದು ಇದನ್ನೇ. ಇಂಗ್ಲಿಷಿನಲ್ಲಿ ಕಲಿಸಿದ್ದೆ, ಅಷ್ಟೇ ವ್ಯತ್ಯಾಸ. ಕಾನೂನನ್ನು, ಅದು ಯಾರನ್ನು ಹಿಡಿಯುತ್ತದೋ ಅವರ ಭಾಷೆಯಲ್ಲಿ, ಅವರ ಎದುರು ತಟ್ಟಿ ನೋಡದೆ ಬಿಡಬಾರದು ಎನ್ನುವುದು ನನಗೆ ತಿಳಿಯುವಾಗ ನನ್ನ ಕೈಯಲ್ಲಿ ಯಾವ ಫೈಲೂ ಉಳಿದಿರಲಿಲ್ಲ.

“ಸುಮ್ಮನೆ ಕೂರುವುದು ಯಾಕೆ, ಸ್ವಲ್ಪ ಹೆಕ್ಕಿ” ಎಂದು ಅವರು ಒಂದು ಪಾಲನ್ನು ನನ್ನ ಕಡೆ ಸರಿಸಿದರು. ನಾನು ಕನ್ನಡಕ ಸರಿಮಾಡಿಕೊಂಡು, ಒಂದೊಂದನ್ನೂ ತಟ್ಟಿ ಕೇಳಿ ಬುಟ್ಟಿಗೆ ಹಾಕಿದೆ. ಇಷ್ಟು ಜಾಗ್ರತೆಯಿಂದ ಯಾವ ಕೆಲಸವನ್ನೂ ಮಾಡಿದ ನೆನಪಿಲ್ಲ. ಮುಗಿದ ಮೇಲೆ ಬೇಬಿಯಕ್ಕ ನನ್ನ ಬುಟ್ಟಿಗೆ ಕೈ ಹಾಕಿ ಒಮ್ಮೆ ಕೆದಕಿದರು. ಒಂದನ್ನು ತೆಗೆದು, ತಟ್ಟಿ, ನನ್ನ ಅಂಗೈಯಲ್ಲಿ ಇಟ್ಟರು.

“ಇದು ಸತ್ತದ್ದು, ಬಾಯಮ್ಮ.”